ಹಲಸು ಒಳಗೆ ಬಾರದ ಮನೆ

ನಮ್ಮ ಮನೆಯೊಳಗೆ ಹಣ್ಣಾದ ಹಲಸು ಬರುವಂತಿರಲಿಲ್ಲ. ಇದನ್ನು ತರಗತಿಯಲ್ಲಿ ಹೇಳಿದರೆ ನನ್ನ ವಿದ್ಯಾರ್ಥಿಗಳು ಕಿಸಕ್ಕನೆ ನಗುತ್ತಾರೆ. ನಗಲಿ, ಅವರಿಗೇನು ಗೊತ್ತು! ನಮ್ಮೂರು ತಿಗನಾರೆಯಲ್ಲಿ, ಕಾಡಿನಂಚಿಗೆ ಮೂರೇ ಮೂರು ಹೊಲ ಈಚೆಗೆ ಮನೆ ಕಟ್ಟಿಕೊಂಡವರಿಗೆ ಅದು ನಗುವ ಮಾತಾಗಿರಲಿಲ್ಲ. ಹಲಸಿನ ಕಾಲ ಬಂತೆಂದರೆ ಆನೆಗಳಿಗೆ ಬೇರೆ ಯೋಚನೆಯೇ ಇರುವುದಿಲ್ಲ. ವಾಸನೆ ಸಿಕ್ಕಿತೋ, ಗೋಡೆಯಾದರೇನು ಬಾಗಿಲಾದರೇನು, ಕೆಡವಿ ಸೊಂಡಿಲು ಚಾಚಿ ಎತ್ತಿಕೊಂಡೇ ಹೋಗುತ್ತವೆ. ನಮ್ಮ ಹಿಂದಿನ ಗೋಡೆಯಲ್ಲಿ ಹಳೆಯ ಮಣ್ಣಿನ ನಡುವೆ ಇಟ್ಟಿಗೆಯ ದೊಡ್ಡದೊಂದು ತೇಪೆ ಇತ್ತು. ನಾನು ಹುಟ್ಟುವ ಮೊದಲು ಯಾರೋ ನೆಂಟರು ಪ್ರೀತಿಯಿಂದ ತಂದು ಮೂಲೆಯಲ್ಲಿಟ್ಟು ಹೋದ ಹಲಸಿನ ಹಣ್ಣಿನ ಗುರುತು ಅದು. ಅಂದಿನಿಂದ ಮನೆಗೊಂದು ಕಾನೂನು ಬಂತು. ಹಣ್ಣು ಬೇಕಾದವರು ಹಗಲು ಹೊತ್ತು ಕೆರೆ ಏರಿಯ ಮೇಲೆ ಕುಳಿತು ತಿನ್ನಬೇಕು, ಸಿಪ್ಪೆಯನ್ನು ಅಲ್ಲೇ ದನಕ್ಕೆ ಹಾಕಬೇಕು, ಕೈ ಬಾಯಿಗೆ ಬೂದಿ ಹಚ್ಚಿ ತಿಕ್ಕಿ ತೊಳೆದು ಬರಬೇಕು. ಬಂದ ಮೇಲೂ ನೇರ ಒಳಗೆ ನುಗ್ಗುವಂತಿಲ್ಲ. ಹೊಸ್ತಿಲಲ್ಲಿ ಅಪ್ಪನ ತಾಯಿ, ನಮ್ಮ ಮಾದಮ್ಮಜ್ಜಿ, ತನಿಖೆಗೆ ನಿಂತಿರುತ್ತಿದ್ದಳು.

"ಕೈ ತೋರ್ಸು."

"ತೊಳ್ದಿವ್ನಿ ಕಣಜ್ಜಿ."

"ಉಗುರ್ ಸಂದೀಲಿ ಅದೆ ಕಣೆ, ಕಳ್ಳಿ! ಓಗು, ಇನ್ನೊಂದ್ಸಲ ಬೂದಿ ಆಕಿ ತಿಕ್ಕು."

ಅಜ್ಜಿಯ ಮೂಗು ನಮ್ಮ ಮನೆಯ ಯಜಮಾನ. ಮನೆ ಅಂದರೆ ಎಷ್ಟು ದೊಡ್ಡದು? ಒಂದು ಜಗುಲಿ, ಎರಡು ಕೋಣೆ, ಪಕ್ಕಕ್ಕೆ ಆತುಕೊಂಡ ಕೊಟ್ಟಿಗೆ, ಅಷ್ಟೇ. ಅಡುಗೆ ಕೋಣೆಯಲ್ಲಿ ಅವ್ವ ರಾಗಿಮುದ್ದೆ ತಿರುವುತ್ತಿದ್ದರೆ ಜಗುಲಿಯಲ್ಲಿ ಕುಳಿತ ಅಜ್ಜಿ ತಳ ಹಿಡಿಯುವ ಮೊದಲೇ ಕೂಗುತ್ತಿದ್ದಳು. ಹಾಲು ಒಡೆಯುವ ಮುನ್ನ ಅವಳಿಗೆ ಗೊತ್ತು. ಅಂಬಲಿ ಹುಳಿ ಎಷ್ಟು ಬಂದರೆ ಹಿತ, ಎಷ್ಟು ಬಂದರೆ ಹೊಟ್ಟೆನೋವು, ಅದೂ ಅವಳದೇ ತೀರ್ಪು. ಅವ್ವನಿಗೂ ಅವಳಿಗೂ ವಾರಕ್ಕೊಂದು ಜಗಳ ಇದೇ ವಿಷಯಕ್ಕೆ. "ಒಲೆ ಮುಂದೆ ನಾನು ಬೇಯೋದು, ಮೂಗು ಮಾತ್ರ ನಿಮ್ದು" ಎಂದು ಅವ್ವ ಗೊಣಗುತ್ತಿದ್ದಳು. ಗೊಣಗಿದರೂ ಸಾರಿಗೆ ಉಪ್ಪು ಬಿದ್ದ ಮೇಲೆ ಒಂದು ಸೌಟು ತಂದು ಅಜ್ಜಿಯ ಮೂಗಿನ ಮುಂದೆ ಹಿಡಿಯದೆ ಒಂದು ದಿನವೂ ಇಳಿಸಿದವಳಲ್ಲ. ಹೊಟ್ಟೆ ತುಂಬ ಮುದ್ದೆ, ಉಪ್ಸಾರು, ಅದರ ಮೇಲೆ ಇವರಿಬ್ಬರ ಮಾತಿನ ಒಗ್ಗರಣೆ. ನಾನು ಸುಖವಾಗಿ ಬೆಳೆದವಳು ಎಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಆದರೆ ಅಜ್ಜಿಯ ಮೂಗಿನ ದೊಡ್ಡ ಕೆಲಸ ಇದಲ್ಲ. ಹೊತ್ತು ಮುಳುಗುವಾಗ ಅಪ್ಪ ಕಂಬಳಿ ಹೊದ್ದು ಹೊಲದ ಅಟ್ಟಣೆಗೆ ಕಾವಲಿಗೆ ಹೊರಡುತ್ತಿದ್ದ. ಅಟ್ಟಣೆ ಹತ್ತಿಬಿಟ್ಟರೆ ಭಯವಿಲ್ಲ, ಮರದ ಮೇಲಿನ ಗುಡಿಸಲು ಅದು. ಭಯವೆಲ್ಲ ಅಲ್ಲಿಗೆ ಹೋಗುವ ದಾರಿಯದು. ಎರಡೂ ಕಡೆ ಆಳೆತ್ತರದ ಲಂಟಾನ ಪೊದೆ, ನಡುವೆ ಒಬ್ಬ ನಡೆಯುವಷ್ಟು ಜಾಗ. ಪೊದೆಯೊಳಗೆ ಆನೆ ನಿಂತಿದ್ದರೆ ಹತ್ತು ಹೆಜ್ಜೆಯವರೆಗೂ ಕಾಣುವುದಿಲ್ಲ, ಕಂಡ ಮೇಲೆ ಮಾಡುವುದಕ್ಕೇನೂ ಉಳಿದಿರುವುದಿಲ್ಲ. ಹಾಗಾಗಿ ಅಪ್ಪ ಹೊರಡುವ ಮುನ್ನ ಅಜ್ಜಿ ಹೊಸ್ತಿಲ ಮೇಲೆ ನಿಂತು ಒಲೆಯ ಬೂದಿ ಒಂದು ಚಿಟಿಕೆ ಗಾಳಿಗೆ ಬಿಡುತ್ತಿದ್ದಳು. ಗಾಳಿ ಯಾವ ಕಡೆಯದೆಂದು ನೋಡಿಕೊಂಡು, ಅಂಗೈಯಿಂದ ಅದನ್ನು ಮೂಗಿನ ಕಡೆಗೆ ಬೀಸಿಕೊಂಡು, ಮೂರು ಸಲ ಉಸಿರೆಳೆಯುತ್ತಿದ್ದಳು. ಅವಳು ಬಾಯಿ ಬಿಡುವವರೆಗೆ ಮನೆಯಲ್ಲಿ ಇನ್ಯಾರೂ ಮಾತಾಡಕೂಡದು. ಅವ್ವನ ಬಳೆ ಸದ್ದೂ ಆಗಕೂಡದು. ಆಮೇಲೆ ಒಂದೇ ಮಾತು. "ಏನಿಲ್ಲ, ಓಗ್ಲಾ" ಎಂದರೆ ಅಪ್ಪ ಹೊರಟ. "ಅವೆ ಕಣ್ಲಾ" ಎಂದರೆ ಕಂಬಳಿ ಮತ್ತೆ ಗೂಟಕ್ಕೆ. ಅಪ್ಪ ಯಾವತ್ತೂ ಎದುರು ಪ್ರಶ್ನೆ ಹಾಕಿದ್ದು ನಾನು ನೋಡಿಲ್ಲ.

ನಾನು ಪ್ಲಸ್ ಟೂ ಓದುತ್ತಿದ್ದ ವರ್ಷ, ಹಲಸು ಮುಗಿಯುತ್ತ ಬಂದ ದಿನಗಳಲ್ಲಿ ಆಲ್ಕೊಹಾಲುಗಳ ಪಾಠ ಶುರುವಾಯಿತು. ಬಸ್ಸಿನಲ್ಲಿ ತಾಳವಾಡಿಯ ಶಾಲೆಗೆ ಹೋಗಿ ಬರುತ್ತಿದ್ದೆ. ನಮ್ಮೂರು ಸೇರಿದ್ದು ತಮಿಳು ರಾಜ್ಯಕ್ಕೆ, ಹಾಗಾಗಿ ಪುಸ್ತಕ ತಮಿಳಿನದು, ಸಮೀಕರಣಗಳ ಹೆಸರೆಲ್ಲ ಇಂಗ್ಲಿಷ್, ಸಂಜೆ ಒಲೆಯ ಮುಂದೆ ಕುಳಿತು ಅವ್ವನಿಗೆ ವರದಿ ಒಪ್ಪಿಸುವುದು ನಮ್ಮ ಕನ್ನಡದಲ್ಲಿ. ಮೂರು ಸಲ ಓದಿದಂತಾಗಿ ತಲೆಯಲ್ಲಿ ಗಟ್ಟಿಯಾಗಿ ಕೂರುತ್ತಿತ್ತು. ಪಾಠ ಮಾಡುತ್ತಿದ್ದವರು ವಳ್ಳಿ ಟೀಚರ್, ಘಾಟಿ ಕೆಳಗಿನ ತಮಿಳಿನವರು, ನಮ್ಮ ಜೊತೆ ಸೇರಿ ಕನ್ನಡ ಕಲಿತಿದ್ದರು. ಅವರು ಬರೀ ಹಲಗೆಯ ಮೇಲೆ ಬರೆದು ಮುಗಿಸುವ ಪೈಕಿ ಅಲ್ಲ. ಸೋಡಿಯಂ ಚೂರನ್ನು ನೀರಿಗೆ ಹಾಕಿದರೆ ಅದು ಹುಚ್ಚೆದ್ದು ಓಡಾಡುತ್ತದೆ, ಅದೇ ಚೂರನ್ನು ಆಲ್ಕೊಹಾಲಿಗೆ ಹಾಕಿದರೆ ತಳಕ್ಕಿಳಿದು ಸಮಾಧಾನವಾಗಿ ಗುಳ್ಳೆ ಬಿಡುತ್ತ ಕೂರುತ್ತದೆ, ಎರಡರಲ್ಲೂ ಹೊರಬರುವುದು ಹೈಡ್ರೋಜನ್ನೇ ಎಂದು ಎದುರಿಗೇ ತೋರಿಸಿದರು. ಕಿತ್ತಳೆ ಬಣ್ಣದ ಡೈಕ್ರೋಮೇಟಿಗೆ ಆಮ್ಲ ಬೆರೆಸಿ, ಆಲ್ಕೊಹಾಲ್ ಹಾಕಿ ಬಿಸಿ ಮಾಡಿದರೆ ಬಣ್ಣ ಹಸಿರಾಯಿತು. ಆಲ್ಕೊಹಾಲು ಆಮ್ಲಜನಕ ಹಿಡಿದು ಕೊನೆಗೆ ವಿನೆಗರಿನ ಹುಳಿಯಾಗುತ್ತದೆ ಅಂದರು. ನಾನು ಎದ್ದು ನಿಂತು, ಬಿದ್ದ ಹಲಸು ಎರಡು ದಿನ ಬಿಟ್ಟರೆ ಸಾರಾಯಿ ನಾತ, ನಾಲ್ಕು ದಿನ ಬಿಟ್ಟರೆ ಹುಳಿ ನಾತ ಬರುವುದು ಇದೇನಾ ಟೀಚರ್ ಎಂದೆ. ತರಗತಿ ಗೊಳ್ಳೆಂದಿತು. ಟೀಚರ್ ನಗಲಿಲ್ಲ. ಹೌದು, ಇದೇ, ಸಕ್ಕರೆ ಮೊದಲು ಆಲ್ಕೊಹಾಲು, ಆಲ್ಕೊಹಾಲು ಆಮೇಲೆ ಹುಳಿ ಎಂದು ನನ್ನ ಮಾತನ್ನೇ ಹಲಗೆಯ ಮೇಲೆ ಬಾಣ ಹಾಕಿ ಬರೆದರು. ನನಗೆ ಆ ದಿನ ಊಟ ಬೇಡವಾಯಿತು, ಅಷ್ಟು ಖುಷಿ.

ಮರುದಿನ ಎಸ್ಟರು. ಮೂಗಿಗೆ ಹತ್ತಿ ಕೆಮ್ಮು ಬರಿಸುವ ಒಂದು ಆಲ್ಕೊಹಾಲು, ಕಣ್ಣಲ್ಲಿ ನೀರು ತರಿಸುವ ಒಂದು ಆಮ್ಲ, ಅವೆರಡಕ್ಕೆ ಗಂಧಕಾಮ್ಲ ನಾಲ್ಕು ತೊಟ್ಟು. ಬಿಸಿನೀರಲ್ಲಿ ಟೆಸ್ಟ್ ಟ್ಯೂಬ್ ಇಟ್ಟು ಕಾದು, ಸೋಡಾ ಬೆರೆಸಿದ ನೀರಿಗೆ ಸುರಿದರು. ನೋಡಿದರೆ ಇಡೀ ಕೋಣೆ ಮಾಗಿದ ಬಾಳೆಹಣ್ಣು! ಎರಡೂ ಸೇರುವಾಗ ನಡುವಿನಿಂದ ಒಂದಷ್ಟು ನೀರು ಕಳಚಿಕೊಂಡು ಹೋಗುತ್ತದೆ, ಉಳಿದದ್ದೇ ಎಸ್ಟರು, ಹಣ್ಣಿನ ವಾಸನೆ, ನಿಜವಾದ ಹಣ್ಣೂ ಮರದ ಮೇಲೆ ಇದನ್ನೇ ಮಾಡಿಕೊಳ್ಳುತ್ತದೆ ಎಂದರು ಟೀಚರ್. ಹುಡುಗರು ಬಗ್ಗಿ ಮೂಗು ತೂರಿಸಿದ್ದಕ್ಕೆ ಗದರಿದರು.

"ಹಂಗೆ ಮೂಸಬಾರ್ದು ಕಣಪ್ಪ. ಕೈಯಲ್ಲಿ ಬೀಸ್ಕೊ, ವಾಸನೆ ತಾನಾಗೇ ಬರುತ್ತೆ."

ಅಯ್ಯೋ, ಇದು ನಮ್ಮಜ್ಜಿ ದಿನಾ ಮಾಡುವ ಕೆಲಸವಲ್ಲವೇ! ಮನೆಗೆ ಹೋಗಿ ತೋರಿಸಲೇಬೇಕು ಅನಿಸಿತು. ಕಾಡಿ ಬೇಡಿ, ಇಂಜೆಕ್ಷನ್ನಿನ ಒಂದು ಖಾಲಿ ಬಾಟಲಿಯಲ್ಲಿ ನಾಲ್ಕು ತೊಟ್ಟು ಎಸ್ಟರು ಹಾಕಿಸಿಕೊಂಡು, ರಬ್ಬರ್ ಮುಚ್ಚಳ ಒತ್ತಿ, ಕರ್ಚೀಫಿನಲ್ಲಿ ಸುತ್ತಿ ಬಸ್ ಹತ್ತಿದೆ. ಹಣ್ಣಿಲ್ಲದೆ ಹಣ್ಣಿನ ವಾಸನೆ ತಂದು ಅಜ್ಜಿಯನ್ನು ಬೇಸ್ತು ಬೀಳಿಸಬೇಕು ಎಂಬುದು ನನ್ನ ಲೆಕ್ಕ. ಹಿಂದಿನ ವಾರವಷ್ಟೇ ನಾನು ಹಲಸು ತಿಂದು ಸರಿಯಾಗಿ ಕೈ ತೊಳೆಯದೆ ಬಂದಿದ್ದೆ, ಅಜ್ಜಿ ಮೂಸಿ ನೋಡಿ ಒಳಗೆ ಬಿಟ್ಟಿದ್ದಳು. ನಾನು ಗೆದ್ದೆ ಎಂದು ಒಳಗೊಳಗೇ ಕುಣಿದಿದ್ದೆ. ಈಗ ಇನ್ನೊಂದು ಗೆಲುವಿನ ಆಸೆ.

ಜಗುಲಿಯಲ್ಲಿ ಕಡಲೆಕಾಯಿ ಸುಲಿಯುತ್ತ ಕುಳಿತಿದ್ದ ಅಜ್ಜಿಯ ಮುಂದೆ ಮುಚ್ಚಳ ತೆಗೆದು ಹಿಡಿದೆ.

"ಏನ್ ವಾಸ್ನೆ ಏಳಜ್ಜಿ, ನೋಡಾಣ."

ಅಜ್ಜಿ ಬಾಟಲಿಯನ್ನು ನೋಡಿದಳು. ಮೂಗಿನ ಹತ್ತಿರ ತಂದುಕೊಂಡು ಉಸಿರೆಳೆದಳು, ಇನ್ನೊಮ್ಮೆ ಎಳೆದಳು.

"ಇದೇನು ಗೊತ್ತಾಗಲ್ವಾ? ಡಾಕ್ಟ್ರು ಸೂಜಿಗಾಕೋ ಮದ್ದು."

ಅಷ್ಟರಲ್ಲಿ ಒಳಗಡೆ ಒಲೆಯ ಮುಂದಿನಿಂದ ಅವ್ವನ ಕೂಗು ಬಂತು.

"ಯಾರೇ ಅದು ಬಾಳೆಅಣ್ಣು ಸುಲ್ದಿರೋರು? ಒತ್ತು ಮುಳುಗೋ ಒತ್ನಲ್ಲಿ ಆನೆ ಕರೀತಿದ್ದೀರಾ?"

ಅಜ್ಜಿಯ ಕೈಯಲ್ಲಿದ್ದ ಕಡಲೆಕಾಯಿ ಅಲ್ಲೇ ನಿಂತಿತು. "ಬಾಳೆಅಣ್ಣೇ ಕಣೆ, ನಾನು ತಮಾಸೆಗಂದೆ" ಎಂದು ನಕ್ಕಳು. ನಾನೂ ನಕ್ಕೆ. ನಕ್ಕು ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕುಳಿತೆ.

ನನ್ನ ಬುದ್ಧಿ ನೋಡಿ, ಅಲ್ಲಿಗೂ ಬಿಡಲಿಲ್ಲ. ಖಚಿತ ಮಾಡಿಕೊಳ್ಳದೆ ತೀರ್ಮಾನಕ್ಕೆ ಬರಬಾರದು ಎಂದು ಟೀಚರ್ ಹೇಳಿದ್ದರಲ್ಲ! ಮರುದಿನ ಮೂರು ಬಾಟಲಿಗೆ ಕಾಗದ ಸುತ್ತಿ ತಂದೆ. ಒಂದರಲ್ಲಿ ಎಸ್ಟರು, ಒಂದರಲ್ಲಿ ಸೀಮೆಎಣ್ಣೆ, ಒಂದರಲ್ಲಿ ಬರೀ ನೀರು. ನೀರಿನ ಬಾಟಲಿ ಹಿಡಿದು ಅಜ್ಜಿ, "ಇದು ಒಳ್ಳೆ ಅಣ್ಣಿನ ವಾಸ್ನೆ ಕಣವ್ವ, ನೆನ್ನೇದೇ ಅಲ್ವಾ?" ಎಂದು ನನ್ನ ಮುಖವನ್ನೇ ನೋಡಿದಳು. ನನ್ನ ಮುಖದಲ್ಲಿ ಉತ್ತರ ಹುಡುಕುತ್ತಿದ್ದಳು. ಹೌದಜ್ಜಿ, ಅದೇ ಎಂದೆ. ಅಷ್ಟು ನಾಚಿಕೆ ನನಗೆ ಮತ್ತೆ ಯಾವತ್ತೂ ಆಗಿಲ್ಲ. ಪರೀಕ್ಷೆ ಎನ್ನುವ ಪದದ ಮೇಲೇ ಸಿಟ್ಟು ಬಂತು.

ಒಮ್ಮೆ ಗೊತ್ತಾದ ಮೇಲೆ ಎಲ್ಲವೂ ಕಾಣತೊಡಗಿತು. ಅವ್ವ ಸೌಟು ಹಿಡಿದರೆ ಅಜ್ಜಿ ಮೂಸಿದಂತೆ ಮಾಡಿ ತುದಿ ನಾಲಿಗೆಗೆ ತಾಗಿಸಿ ನೋಡುತ್ತಿದ್ದಳು. ಹಾಲಿನ ಪಾತ್ರೆ ಅಲ್ಲಾಡಿಸಿ ಕೆನೆ ನೋಡುತ್ತಿದ್ದಳು. ಸಂಜೆ ಹೊಸ್ತಿಲ ಮೇಲೆ ನಿಂತಾಗ ಅವಳ ಕಣ್ಣು ಕೊಟ್ಟಿಗೆಯ ಕಡೆಗಿರುತ್ತಿತ್ತು. ಆನೆ ಹತ್ತಿರ ಇದ್ದರೆ ನಮ್ಮ ಕೆಂದಿ ಹಸು ಮೇವು ಬಿಟ್ಟು ಕಿವಿ ಮುಂದಕ್ಕೆ ಮಾಡಿ ನಿಲ್ಲುತ್ತಿತ್ತು. ಅಜ್ಜಿ ಹಸುವಿನ ಕಿವಿ ನೋಡಿ ಅಪ್ಪನಿಗೆ ಹೇಳುತ್ತಿದ್ದಳು! ಜಾಣೆ ಅಂದರೆ ಜಾಣೆ. ಆದರೆ ಅಪ್ಪ ಹೋಗುತ್ತಿದ್ದುದು ಅಜ್ಜಿಯ ಮೂಗನ್ನು ನಂಬಿ, ಹಸುವಿನ ಕಿವಿಯನ್ನಲ್ಲ. ಹೇಳಿಬಿಡಲೇ? ಹೇಳಿದರೆ ಅಜ್ಜಿಗೆ ಈ ಮನೆಯಲ್ಲಿ ಏನು ಉಳಿಯುತ್ತದೆ? ಸೌಟು ಅವಳ ಮುಂದೆ ಬರುವುದು ನಿಲ್ಲುತ್ತದೆ, ಹೊಸ್ತಿಲು ಅವಳದಾಗುವುದಿಲ್ಲ, ಮೂಲೆಯಲ್ಲಿ ಕುಳಿತು ಕಡಲೆಕಾಯಿ ಸುಲಿಯುವ ಮುದುಕಿಯಾಗುತ್ತಾಳೆ. ಹೇಳದಿದ್ದರೆ? ಅದನ್ನು ಯೋಚಿಸಲೇ ಹೆದರಿಕೆ. ಒಂದು ವಾರ ತಟ್ಟೆಯಲ್ಲಿ ಅರ್ಧ ಬಿಟ್ಟೇ ಎದ್ದೆ. ಅವ್ವ ಅದು ಪರೀಕ್ಷೆಯ ಚಿಂತೆ ಅಂದುಕೊಂಡು ಒಂದು ಮುದ್ದೆ ಜಾಸ್ತಿ ಇಟ್ಟಳು.

ಆಮೇಲೆ ಕೆಂದಿ ಕರು ಹಾಕಿತು. ಕರು ಹಾಕಿದ ಹಸುವಿಗೆ ಲೋಕ ಬೇಡ. ಮೂರು ದಿನವಾದರೂ ಅದು ಕರುವನ್ನು ನೆಕ್ಕುವುದು ಬಿಟ್ಟು ತಲೆ ಎತ್ತಲಿಲ್ಲ. ಮೂರನೆಯ ಸಂಜೆ ಅಜ್ಜಿ ಹೊಸ್ತಿಲ ಮೇಲೆ ನಿಂತು ಬೂದಿ ಬಿಟ್ಟಳು. ಬೂದಿ ನಮ್ಮ ಕಡೆಗೇ ತೇಲಿ ಬಂತು, ಗಾಳಿ ಲಂಟಾನದ ಕಡೆಯಿಂದ ಬೀಸುತ್ತಿತ್ತು. ಅಪ್ಪ ಅಂಗಳದಲ್ಲಿ ಕಂಬಳಿ ಹೊದ್ದು ನಿಂತಿದ್ದ. ಅಜ್ಜಿ ಕೊಟ್ಟಿಗೆಯ ಕಡೆ ನೋಡಿದಳು. ಕೆಂದಿ ಕರು ನೆಕ್ಕುತ್ತಿತ್ತು. ಅಜ್ಜಿಯ ಪಕ್ಕದಲ್ಲೇ ನಿಂತಿದ್ದ ನನ್ನ ಮೂಗಿಗೆ ಏನೋ ಬಡಿಯಿತು. ಮೊದಲು ಹಲಸಿನ ಸಿಹಿ. ಅದರಡಿಯಲ್ಲಿ ಸಾರಾಯಿಯ ಘಾಟು. ಅದರಡಿಯಲ್ಲಿ ಹುಳಿ. ಟೀಚರ್ ಬಾಣ ಹಾಕಿ ಬರೆದ ಸಾಲು ಒಂದೇ ಉಸಿರಿನಲ್ಲಿ ಒಳಗೆ ಬಂದಂತಾಯಿತು. ಜೊತೆಗೆ ಹಸಿ ಲದ್ದಿ, ಜಜ್ಜಿದ ಸೊಪ್ಪು. ಆ ದಿಕ್ಕಿನಲ್ಲಿ ಹುಡುಕಿದರೂ ಒಂದು ಹಲಸಿನ ಮರವಿಲ್ಲ. ಮರವಿಲ್ಲದ ಕಡೆಯಿಂದ ಹುಳಿತ ಹಲಸು ಗಾಳಿಯಲ್ಲಿ ಬರುತ್ತಿದ್ದರೆ ಅದನ್ನು ಯಾರೋ ಹೊಟ್ಟೆಯಲ್ಲಿ ಹೊತ್ತು ತಂದಿದ್ದಾರೆ.

ಅಜ್ಜಿ ಮೂರನೆಯ ಉಸಿರೆಳೆದು ಬಾಯಿ ತೆರೆದಳು. "ಏನಿಲ್ಲ" ಎಂಬ ಮಾತು ಅವಳ ತುಟಿಯ ಮೇಲೆ ನನಗೆ ಕಂಡಿತು. ನಾನು ಅವಳ ಸೆರಗಿನ ಮರೆಯಲ್ಲಿ ಕೈ ಹಿಡಿದು ಗಟ್ಟಿಯಾಗಿ ಅದುಮಿದೆ. ಅವಳ ಬಾಯಿ ಹಾಗೇ ನಿಂತಿತು. ನನ್ನ ಕಡೆ ತಿರುಗಲಿಲ್ಲ. ಇನ್ನೊಮ್ಮೆ ಅದುಮಿದೆ.

"ಅವೆ ಕಣ್ಲಾ" ಎಂದಳು ಅಜ್ಜಿ. "ಓಗ್ಬೇಡ."

ಅಪ್ಪ ಕಂಬಳಿ ತೆಗೆದು ಒಳಗೆ ಬಂದ. ಬೆಳಗಾದ ಮೇಲೆ ಹೋಗಿ ನೋಡಿದರೆ ದಾರಿಯ ಮಧ್ಯಕ್ಕೇ ಪೊದೆ ತುಳಿದು ಚಾಪೆಯಾಗಿತ್ತು, ಎರಡು ದೊಡ್ಡಾನೆ, ಒಂದು ಮರಿಯ ಹೆಜ್ಜೆ ಇತ್ತು, ಲದ್ದಿಯ ತುಂಬ ಹಲಸಿನ ಬೀಜ. ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದ. ನಮ್ಮವ್ವನ ಮೂಗಿಲ್ಲದಿದ್ದರೆ ಇವತ್ತು ನೀವೆಲ್ಲ ಸೇರಿ ನನ್ನ ಹೊತ್ತುಕೊಂಡು ಹೋಗಬೇಕಿತ್ತು ಎಂದು ನಗುತ್ತಲೇ ಹೇಳಿದ. ಅವ್ವ ಅಜ್ಜಿಯ ತಟ್ಟೆಗೆ ಒಂದು ಚಮಚ ತುಪ್ಪ ಹೆಚ್ಚಿಗೆ ಹಾಕಿದಳು. ಅಜ್ಜಿ ಅದನ್ನು ಮುಟ್ಟದೆ ಎದ್ದು ಕೊಟ್ಟಿಗೆಗೆ ಹೋದಳು. ನಾನೂ ಹಿಂದೆಯೇ ಹೋದೆ.

"ಯಾವತ್ನಿಂದ ಗೊತ್ತು ನಿಂಗೆ?" ಸಗಣಿ ಬಾಚುತ್ತ ಕೇಳಿದಳು.

"ಆ ಬಾಳೆಅಣ್ಣಿನ ದಿನದಿಂದ."

"ಯಾರ್ಗೇಳ್ದೆ?"

"ಯಾರ್ಗೂ ಇಲ್ಲ ಕಣಜ್ಜಿ, ನಿನ್ನಾಣೆ."

"ಓದ ದೀವಳಿಗೇಲಿ ಜ್ವರ ಬಂತಲ್ಲ, ಅದು ಓಗ್ವಾಗ ಎತ್ಕೊಂಡೋಯ್ತು. ಇವತ್ ಬತ್ತದೆ, ನಾಳೆ ಬತ್ತದೆ ಅಂತ ಸುಮ್ನಿದ್ದೆ. ಮೂಗೊಂದಿಲ್ದಿದ್ರೆ ನಾನ್ಯಾತಕ್ಕೆ ಬೇಕು ಈ ಮನೇಗೆ?" ಸಗಣಿ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತಳು. "ನನ್ ಮಗನ್ನ ನಾನೇ ಕಳಿಸ್ಬುಡ್ತಿದ್ದೆ ಕಣವ್ವ."

ಅಷ್ಟು ಹೇಳಿ ಅತ್ತಳು. ಅಜ್ಜಿ ಅತ್ತಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ನಾನು ದಿನಾ ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ನನ್ನ ಮಟ್ಟಿಗೆ ಅದೇ ಇತ್ಯರ್ಥ. ಅಜ್ಜಿ ಮುಖ ತಿರುಗಿಸಿ ಮತ್ತೆ ಸಗಣಿ ಬಾಚತೊಡಗಿದಳು.

ಅವತ್ತು ಸಂಜೆ ಅಪ್ಪ ಹೊರಟು ನಿಂತಾಗ ಅಜ್ಜಿ ಗೋಡೆಗೊರಗಿ ಕುಳಿತವಳು ಏಳಲೇ ಇಲ್ಲ.

"ಅವ್ವಾ, ಒತ್ತಾಯ್ತಲ್ಲ."

"ಮಂಗಳಾ ನೋಡ್ತಳೆ. ಅವಳ್ನ ಕೇಳ್ಲಾ."

ಅಪ್ಪ ನಕ್ಕ. "ಅವ್ಳಾ? ಅವ್ಳಿಗೇನ್ ಗೊತ್ತದವ್ವಾ?"

"ನೆನ್ನೆ ನೋಡಿದ್ದೂ ಅವ್ಳೇ ಕಣ್ಲಾ. ನಂಗೆ ಮೂಗೋಗಿ ಎಷ್ಟೋ ತಿಂಗ್ಳಾಯ್ತು."

ಒಳಗೆ ಅವ್ವನ ಸೌಟಿನ ಸದ್ದು ನಿಂತಿತು. ಊರೆಲ್ಲ ಹೊಗಳಿದ ದಿನವೇ ಆ ಹೆಗ್ಗಳಿಕೆಯನ್ನು ಹೀಗೆ ಎಲ್ಲರ ಮುಂದೆ ತೆಗೆದು ನನ್ನ ಕೈಗೆ ಕೊಟ್ಟುಬಿಡುತ್ತಾಳೆ ಎಂದು ನಾನೆಲ್ಲಿ ಎಣಿಸಿದ್ದೆ? ಅಪ್ಪ ಅಜ್ಜಿಯನ್ನು ನೋಡಿದ, ನನ್ನನ್ನು ನೋಡಿದ. ಒಂದು ಮಾತೂ ಬೈಯಲಿಲ್ಲ. ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಅತ್ತೆ, ಥಂಡಿ ಅದೆ, ಒಲೆ ತಾವ ಬನ್ನಿ. ಸಾರು ಇನ್ನೂ ನೀವು ನೋಡಿಲ್ಲ" ಎಂದಳು. "ಇರವ್ವ, ಇವ್ಳದು ಆಗ್ಲಿ" ಎಂದಳು ಅಜ್ಜಿ.

ಹೊಸ್ತಿಲ ಮೇಲೆ ನಾನು ನಿಂತೆ. ಎಲ್ಲರೂ ಸುಮ್ಮನಾದರು. ಮಣ್ಣು, ದನ, ಒಲೆಯ ಹೊಗೆ, ದೂರದ ತಂಗಡಿ ಹೂವು. ಮತ್ತೆ ಎಳೆದೆ, ಮತ್ತೆ ಅದೇ. ನೆನ್ನೆ ಬೇಡ ಅನ್ನುವುದು ಎಷ್ಟು ಸುಲಭವಿತ್ತು! ಹೋಗು ಅನ್ನುವುದಕ್ಕೆ ನಾಲಿಗೆ ಏಳುತ್ತಿಲ್ಲ. ಅಜ್ಜಿ ಇಷ್ಟು ವರ್ಷ ದಿನಾ ಸಂಜೆ ಏನು ಹೊತ್ತುಕೊಂಡು ಇಲ್ಲಿ ನಿಲ್ಲುತ್ತಿದ್ದಳು ಎಂದು ಆಗ ತಿಳಿಯಿತು.

"ಏನಿಲ್ಲಪ್ಪ" ಎಂದೆ. "ಓಗು."

ಅಪ್ಪ ಹೊರಟ. ಬೆನ್ನು ಪೊದೆಯೊಳಗೆ ಮರೆಯಾದದ್ದೇ ನನಗೆ ಓಡಿಹೋಗಿ ವಾಪಸು ಎಳೆದು ತರಬೇಕೆನಿಸಿತು. ಅಜ್ಜಿ ಎದ್ದು ಬಂದು ಪಕ್ಕದಲ್ಲಿ ನಿಂತಳು, ಅವ್ವ ಈ ಪಕ್ಕದಲ್ಲಿ. ಮೂವರೂ ಕತ್ತಲಾಗುತ್ತಿದ್ದ ದಾರಿಯನ್ನೇ ನೋಡುತ್ತಿದ್ದೆವು. ಎಷ್ಟು ಹೊತ್ತೋ ಆದ ಮೇಲೆ ಅಟ್ಟಣೆಯ ಕಡೆಯಿಂದ ಅಪ್ಪನ ದನಿ ಬಂತು.

"ಮಂಗಳಾ! ಬಂದು ಸೇರ್ದೆ ಕಣವ್ವಾ!"

"ಓಗೊಡೇ" ಎಂದು ಅಜ್ಜಿ ನನ್ನ ಬೆನ್ನಿಗೆ ಗುದ್ದಿದಳು. "ನಿನ್ನ ಕೂಗ್ತಾವ್ನೆ."

ನಾನು ಗಂಟಲು ಹರಿಯುವಂತೆ ಓಗೊಟ್ಟೆ.